ಹ್ಯಾಂಡಲಿಗೆ ಕಟ್ಟಿದ ದಸ್ತಿ

ಹೊಂಬಳ
12 ಫೆಬ್ರುವರಿ 2012

ಜಾನು,

ಫೋನಿನಲ್ಲಿ ನಾನು ಜಗಳ ಆಡುತ್ತೇನೆ, ಪತ್ರದಲ್ಲಾದರೆ ವಾದ ಮಾಡುತ್ತೇನೆ ಎಂದು ನೀನೇ ಹೇಳಿದ್ದೆ. ಅದಕ್ಕೆ ಇನ್ನು ಮೇಲೆ ಪತ್ರ. ನಿನ್ನ ಕಂಟ್ರೋಲ್ ರೂಮಿನೊಳಗೆ ಮೊಬೈಲ್ ಬಿಡುವುದಿಲ್ಲವಂತೆ. ಕಾಗದ ಬಿಡುತ್ತಾರೆ ತಾನೆ?

ಹೋದ ವಾರ ಅಲ್ಮಾಸಬಿಯ ಮದುವೆಗೆಂದು ಮುಂಡರಗಿಗೆ ಹೋಗಿದ್ದೆ. ಗುಡ್ಡದ ಉದ್ದಕ್ಕೂ ಗಾಳಿಯಂತ್ರಗಳು. ಹೊತ್ತು ಮುಳುಗಿದ ಮೇಲೆ ಪ್ರತಿಯೊಂದರ ನೆತ್ತಿಯಲ್ಲೂ ಕೆಂಪು ದೀಪ, ಬುಡದಲ್ಲಿರುವ ಹಳ್ಳಿಯಲ್ಲಿ ಚಿಮಣಿ ಬುಡ್ಡಿ. ಬಸ್ಸಿನ ಕಂಡಕ್ಟರ್ ನಗುತ್ತಾ ಹೇಳಿದ: "ಫ್ಯಾನ್ ಇಲ್ಲಿ ಹಾಕ್ಯಾರವಾ, ಗಾಳಿ ಬೆಂಗಳೂರಾಗ ಬೀಸತೈತಿ." ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಜನ ತಮ್ಮ ಮೇಲಾಗುವ ಅನ್ಯಾಯವನ್ನು ಚಾಷ್ಟಿ ಮಾಡಿ ನುಂಗುವುದನ್ನು ಕಲಿತರೆ, ಅನ್ಯಾಯ ಮಾಡುವವನಿಗೆ ಪೊಲೀಸರೇ ಬೇಕಾಗುವುದಿಲ್ಲ.

ಗದಗಿನ ರೈತ ಸಂಘದ ಆಫೀಸಿನಿಂದ ಕರಪತ್ರಗಳ ಒಂದು ಕಟ್ಟು ತಂದಿದ್ದೇನೆ. ಕರೆಂಟಿಗೂ ಈಗ ಒಂದು ಪೇಟೆ ಇದೆಯಂತೆ. ನಾಳೆಯ ಕರೆಂಟನ್ನು ಇವತ್ತೇ ಹರಾಜು ಹಾಕುತ್ತಾರಂತೆ. ಹೆಚ್ಚು ಕೊಟ್ಟವನಿಗೆ ಬೆಳಕು, ಉಳಿದವರಿಗೆ ಉಪದೇಶ. ಇದು ಖರೆಯೋ ಸುಳ್ಳೋ ನೀನು ಹೇಳಬೇಕು, ಯಾಕೆಂದರೆ ನೀನು ಕೂತಿರುವುದು ಅದರ ಹೊಟ್ಟೆಯೊಳಗೆ.

ಇಲ್ಲಿನ ಸ್ಥಿತಿ ಕೇಳು. ಅಬ್ಬಾನ ಗಿರಣಿಗೆ ತ್ರೀ ಫೇಸ್ ಬೇಕು. ಅದು ಬರುವ ಹೊತ್ತು ಅದಕ್ಕೇ ಗೊತ್ತು. ಹೆಂಗಸರು ಜೋಳದ ಡಬ್ಬಿಗಳನ್ನು ಪಾಳಿಗೆ ಇಟ್ಟು ಹೋಗುತ್ತಾರೆ. ಡಬ್ಬಿಗಳ ಸಾಲು ಮಸೂತಿಯ ಕಟ್ಟೆಯವರೆಗೆ ಬಂದಿದೆ. ಸಬ್‌ಸ್ಟೇಷನ್ನಿನ ಆಪರೇಟರ್ ದ್ಯಾಮಪ್ಪನ ಹೆಂಡತಿ ಬಸವಣ್ಣೆವ್ವನ ಡಬ್ಬಿಯೂ ಅದರಲ್ಲಿದೆ. ಅಬ್ಬಾ ಅವಳನ್ನು ಕೆಣಕಿದರು: "ನಿನ್ನ ಗಂಡನ್ನ ಕೇಳವಾ, ಬಟನ್ ಅವನ ಕೈಯಾಗ ಐತಿ." ಅವಳು ಅಂದಳು: "ಮನ್ಯಾಗಿನ ಬಟನ್ ಸೈತ ಅವರ ಕೈಯಾಗ ಇಲ್ಲರಿ ಕುತುಬುದ್ದೀನಣ್ಣಾ."

ದ್ಯಾಮಪ್ಪನನ್ನು ಕೇಳಿದರೆ ವರ್ಷವಿಡೀ ಒಂದೇ ಉತ್ತರ, ರಿಪೇರಿಗೆಂದು ಲೈನು ಬಂದ್ ಮಾಡಿದೆ ಎಂದು: "ಲೈನ್ ಕ್ಲಿಯರ್ ಐತಿ, ಮಂದಿ ಕಂಬದ ಮ್ಯಾಲ ಅದಾರ." ದಿನಾ ಮಂದಿ ಕಂಬದ ಮೇಲಿದ್ದು ರಿಪೇರಿ ಮಾಡಿದ್ದರೆ ನಮ್ಮ ಲೈನು ಇಷ್ಟೊತ್ತಿಗೆ ಬಂಗಾರದ್ದಾಗಬೇಕಿತ್ತು.

ಇಜಾಜ ಭಾಯಿಗೆ ಅದೇ ಸಬ್‌ಸ್ಟೇಷನ್ನಿನಲ್ಲಿ ಗುತ್ತಿಗೆ ಲೈನ್‌ಮನ್ ಕೆಲಸ ಸಿಕ್ಕಿದೆ. ಅಮ್ಮಿಗೆ ಖುಷಿ. ಬೇಸರ ಒಂದೇ, ಅವನು ಮುಖ ಒರೆಸಲು ಕಿಸೆಯಲ್ಲಿಡುವ ದಸ್ತಿ ದಿನಾ ಗ್ರೀಸ್ ಮೆತ್ತಿಕೊಂಡು ಮನೆಗೆ ಬರುತ್ತದೆ. "ಅಂಚು ಹೊಲದ ಕೊಟ್ಟ ದಸ್ತೀಲೆ ಕಂಬ ಒರಸ್ತಿಯೇನೋ" ಎಂದು ಬೈಯುತ್ತಾಳೆ. ಅವನ ಉತ್ತರ: "ಒತ್ತಿ ಇಟ್ಟ ಮ್ಯಾಲ ಹತ್ತೀನಿ ಅಮ್ಮಿ. ಇಳದ ಮ್ಯಾಲ ಬಿಡಿಸಿಕೊಂಡ ಬರ್ತೀನಿ." ಮಾತಿಗೆ ಅರ್ಥವಿಲ್ಲ. ಆದರೆ ಅವನು ನಗುವಾಗ ಮನೆಯಲ್ಲಿ ಎಲ್ಲರೂ ನಗುತ್ತಾರೆ.

ಬೇಗ ಬರೆ.

ನಿನ್ನ ನಿಶಾತ


ಬೆಂಗಳೂರು
21 ಫೆಬ್ರುವರಿ 2012

ಪ್ರೀತಿಯ ನಿಶಾತ,

ಗದಗಿನ ಪಾಲಿಟೆಕ್ನಿಕ್ಕನ್ನು ನೀನು ಒಂದೇ ವರ್ಷಕ್ಕೆ ಬಿಟ್ಟು ಹೋಗದಿದ್ದರೆ ಇಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಆಗ ಈ ಪ್ರಶ್ನೆಗಳನ್ನು ಯಾರಿಗೆ ಬರೆಯುತ್ತಿದ್ದೆಯೋ.

ಈ ಕೋಣೆಯಲ್ಲಿ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರಬೇಕು. ಎದುರಿನ ಗೋಡೆಯ ಮೇಲೆ ಒಂದು ಅಂಕಿ ಇರುತ್ತದೆ, ಕರೆಂಟಿನ ಫ್ರೀಕ್ವೆನ್ಸಿ. ಅದು ಐವತ್ತರ ಹತ್ತಿರ ನಿಲ್ಲಬೇಕು. ಬೇಡಿಕೆ ಏರಿದರೆ ಅದು ಇಳಿಯುತ್ತದೆ. ತೀರ ಇಳಿದರೆ ಒಂದರ ಹಿಂದೆ ಒಂದು ವಿದ್ಯುತ್ ಸ್ಥಾವರ ನಿಂತುಹೋಗಿ ಇಡೀ ದಕ್ಷಿಣಕ್ಕೆ ಕತ್ತಲು. ನಿಮ್ಮೂರು, ನನ್ನ ಕೋಣೆ, ಆಸ್ಪತ್ರೆ, ರೈಲು, ಎಲ್ಲ. ಆ ಅಂಕಿ ಇಳಿಯದಂತೆ ಕಾಯುವುದೇ ನನ್ನ ಕೆಲಸ.

ಪೇಟೆ ಇರುವುದು ಖರೆ. ಆದರೆ ಗದಗಿನ ಎಪಿಎಂಸಿಯಲ್ಲಿ ಮಾರದೆ ಉಳಿದ ಉಳ್ಳಾಗಡ್ಡಿಯನ್ನು ನಾಳೆ ಮಾರಬಹುದು. ಕರೆಂಟಿಗೆ ಗೋದಾಮಿಲ್ಲ, ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕು. ನಾಳೆಯ ದಿನವನ್ನು ತುಂಡು ತುಂಡು ಮಾಡಿ ಇಂದು ದರ ಕೂಗುತ್ತಾರೆ. ಗುಡ್ಡದ ಮೇಲಿನ ಯಂತ್ರಗಳಲ್ಲಿ ಕೆಲವು ಖಾಸಗಿಯವು, ತಮಗೆ ಬೇಕಾದವರಿಗೆ ಮಾರುತ್ತವೆ. ನಮ್ಮ ರಾಜ್ಯವೂ ಆ ಪೇಟೆಯಿಂದಲೇ ಕೊಳ್ಳುತ್ತದೆ. ದರ ಏರಿದ ದಿನ ಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಬಿಟ್ಟಷ್ಟನ್ನು ಯಾರದೋ ಮನೆಯಲ್ಲಿ ಕತ್ತರಿಸಬೇಕು.

ಯಾರ ಮನೆ ಎಂದು ನೀನು ಕೇಳುತ್ತೀ. ನಾನು ಹೊಂಬಳ ಎಂದು ಒಮ್ಮೆಯೂ ಹೇಳಿಲ್ಲ ನಿಶಾತ. "ಉತ್ತರಕ್ಕೆ ಇನ್ನೂರು ಮೆಗಾವ್ಯಾಟ್ ಕಡಿಮೆ ಮಾಡಿ" ಎನ್ನುತ್ತೇನೆ, ಅಷ್ಟೆ. ಆ ಇನ್ನೂರರಲ್ಲಿ ಹೊಂಬಳ ಇರುತ್ತದೆ. ಲೆಕ್ಕದ ಹಾಳೆ ಕೇಳಬೇಡ, ಅದನ್ನು ಹೊರಗೆ ಕೊಟ್ಟರೆ ನಾನು ಹೊರಗೆ.

ಇಜಾಜಣ್ಣನಿಗೆ ಕೆಲಸ ಸಿಕ್ಕಿದ್ದು ಕೇಳಿ ಸಂತೋಷವಾಯಿತು. ಕೈಗವಸು ಕೊಟ್ಟಿದ್ದಾರಾ ಎಂದು ಕೇಳು. ಇಲ್ಲದಿದ್ದರೆ ಜಗಳ ಆಡಿ ಇಸಿದುಕೊಳ್ಳಲಿ.

ಜಾಹ್ನವಿ


ಹೊಂಬಳ
4 ಮಾರ್ಚ್ 2012

ಜಾನು,

ನಿನ್ನ ಪತ್ರವನ್ನು ಎರಡು ಸಲ ಓದಿದೆ. "ಆ ಇನ್ನೂರರಲ್ಲಿ ಹೊಂಬಳ ಇರುತ್ತದೆ." ಇದನ್ನು ನೀನೇ ಬರೆದೆಯಾ? ಹೆಸರು ಹೇಳದೆ ಹೊಡೆದರೆ ಪೆಟ್ಟು ಕಡಿಮೆಯಾಗುತ್ತದೆಯೇ? ಬೆಂಗಳೂರಿನಲ್ಲಿ ಹೊಸ ಶಾಪಿಂಗ್ ಮಾಲ್‌ಗಳಿಗೆ ಹಗಲಿನಲ್ಲಿ ದೀಪ ಬೇಕು, ಅದು ಬೇಡಿಕೆ. ನಮ್ಮ ಡಬ್ಬಿಯ ಜೋಳ ಹಿಟ್ಟಾಗಬೇಕು, ಅದು ಹೊರೆ. ನಿಮ್ಮ ಭಾಷೆಯಲ್ಲಿ ನಾವು ಇಳಿಸಬೇಕಾದ ಹೊರೆ.

ಭಾಯಿಗೆ ಕೈಗವಸು ಕೊಟ್ಟಿಲ್ಲ. ಕೇಳಿದರೆ ಗುತ್ತಿಗೆದಾರ ಅಂದನಂತೆ: "ನಿನಗ ಗ್ಲೌಸ್, ಆಮ್ಯಾಲೆ ಕೊರಳಿಗೆ ಟಾಯೀನೂ ಕೊಡಬೇಕೇನಪಾ."

ನಾವು ಒಂದು ಸಮಿತಿ ಮಾಡಿದ್ದೇವೆ. ನಾನು, ಟ್ರ್ಯಾಕ್ಟರಿನ ಖಾಸಿಂಸಾಬ, ಶಾಲೆಯ ಸಮೀರ ಮಾಸ್ತರ್, ಇನ್ನು ಕೆಲವರು. ಮೊದಲ ಕರಪತ್ರ ನಾನೇ ಬರೆದೆ. ತಲೆಬರಹ: "ನಮ್ಮ ಗಾಳಿ, ನಮ್ಮ ಗುಡ್ಡ, ನಮಗೇ ಕತ್ತಲು." ಮಾಸ್ತರ್ ಎರಡು ಕಾಗುಣಿತ ತಿದ್ದಿದರು, ಒಂದೂ ಮಾತು ತಿದ್ದಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಬರುತ್ತಿದೆ, ಮಕ್ಕಳು ಚಿಮಣಿ ಹಿಡಿದು ಓದುತ್ತಿದ್ದಾರೆ. ಪರೀಕ್ಷೆಯ ಮೊದಲು ಏನಾದರೂ ಮಾಡಬೇಕು.

ಲೆಕ್ಕದ ಹಾಳೆ ಬೇಡ. ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡು. ದ್ಯಾಮಪ್ಪ ದಿನಾ ಹೇಳುವ "ಮಂದಿ ಕಂಬದ ಮ್ಯಾಲ ಅದಾರ" ಖರೆಯೋ ಸುಳ್ಳೋ? ಭಾಯಿಯನ್ನು ಕೇಳಿದರೆ ಒಮ್ಮೊಮ್ಮೆ ಖರೆ, ಒಮ್ಮೊಮ್ಮೆ ಸುಳ್ಳು ಎಂದು ಜಾರಿಕೊಳ್ಳುತ್ತಾನೆ. ನೌಕರಿಯವರ ಉತ್ತರ. ಗೆಳತಿಯ ಉತ್ತರ ಬೇಕು.

ನಿಶಾತ


ಬೆಂಗಳೂರು
14 ಮಾರ್ಚ್ 2012

ನಿಶಾತ,

ನೀನು ಕೇಳಿದ್ದಕ್ಕೆ ಉತ್ತರ ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ನಿನಗೆ ನಾನು ಸುಳ್ಳು ಹೇಳಿದವಳಲ್ಲ.

ತರಬೇತಿಗೆಂದು ನಾನು ಶಿರಹಟ್ಟಿ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಇದ್ದೆನಲ್ಲ, ಅಲ್ಲಿ ಮೊದಲ ದಿನವೇ ಮೇಲಿನವರು ಹೇಳಿಕೊಟ್ಟರು: ಕಡಿತ ಮಾಡಿದಾಗ ಕಡಿತ ಎನ್ನಬಾರದು, ಜನ ಸಿಟ್ಟಾಗುತ್ತಾರೆ, ಲೈನ್ ಕ್ಲಿಯರ್ ಎನ್ನಬೇಕು. ಕಂಬದ ಮೇಲೆ ಮನುಷ್ಯ ಇದ್ದಾನೆ ಎಂದರೆ ಜನ ಸುಮ್ಮನಾಗುತ್ತಾರೆ. ಆದ್ದರಿಂದ ಬಹಳ ಸಲ ಕಂಬದ ಮೇಲೆ ಯಾರೂ ಇರುವುದಿಲ್ಲ. ಇದು ಎಲ್ಲ ಕಡೆಯೂ ಇರುವ ರೂಢಿ. ದ್ಯಾಮಪ್ಪನನ್ನು ಬೈಯಬೇಡ, ಅವನಿಗೆ ಹೇಳಿಕೊಟ್ಟ ಮಾತನ್ನು ಅವನು ಹೇಳುತ್ತಾನೆ.

ಹೋರಾಟ ಮಾಡು, ಬೇಡ ಎನ್ನುವುದಿಲ್ಲ. ತಾಲ್ಲೂಕು ಕಚೇರಿಯ ಎದುರು ಕೂತುಕೊಳ್ಳಿ. ಸಬ್‌ಸ್ಟೇಷನ್ನಿಗೆ ಹೋದರೆ ಗೇಟಿನ ಹೊರಗೇ ಇರಿ. ಒಳಗೆ ಕಾಲಿಡಬೇಡಿ. ಇದನ್ನು ಗೆಳತಿಯಾಗಿ ಹೇಳುತ್ತಿದ್ದೇನೆ.

ಇನ್ನೂ ಬರೆಯಬೇಕೆಂದಿದ್ದೆ, ಪಾಳಿಯ ಹೊತ್ತಾಯಿತು.

ಜಾಹ್ನವಿ


ಸಬ್‌ಸ್ಟೇಷನ್ನಿನ ಬೇವಿನ ಮರದ ಕೆಳಗೆ
26 ಮಾರ್ಚ್ 2012, ಮಧ್ಯಾಹ್ನ

ಜಾನು,

ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಾಗಿದ್ದರೆ ಮಾಫಿ ಮಾಡು. ಇಂದು ನಾವು ಗೆದ್ದೆವು. ಸ್ವಲ್ಪ ಹೊತ್ತಿಗಾದರೂ ಗೆದ್ದೆವು.

ಬೆಳಿಗ್ಗೆಯೇ ಕರೆಂಟು ಹೋಯಿತು. ಡಬ್ಬಿ ಇಟ್ಟ ಹೆಂಗಸರು ಡಬ್ಬಿಯ ಸಮೇತ ನಮ್ಮೊಂದಿಗೆ ಹೊರಟರು. ಖಾಸಿಂಸಾಬನ ಟ್ರ್ಯಾಲಿಗೆ ಮೈಕು ಕಟ್ಟಿದ್ದೆವು. ಭಾಯಿಗೆ ನಾನು ಏನೂ ಹೇಳಿರಲಿಲ್ಲ, ನಾನು ಏಳುವ ಮೊದಲೇ ಕೆಲಸಕ್ಕೆ ಹೋಗಿದ್ದ. ಒಳ್ಳೆಯದೇ ಆಯಿತು, ನೌಕರಿಯಲ್ಲಿರುವವನ ಕಣ್ಣೆದುರು ತಂಗಿ ಕೂಗುವುದು ಅವನಿಗೂ ಕಷ್ಟ.

ಗೇಟಿನಲ್ಲಿ ದ್ಯಾಮಪ್ಪ ಕೈ ಮುಗಿದು ನಿಂತಿದ್ದ. "ಲೈನ್ ಕ್ಲಿಯರ್ ಐತ್ರೀ ಯವ್ವಾ, ಮಂದಿ ಮ್ಯಾಲ ಅದಾರ." ಜನರೆಲ್ಲ ಹೋ ಎಂದು ನಕ್ಕರು. ಒಬ್ಬ ಮುದುಕ ಅಂದ, "ನಿನ್ನೀನೂ ಮ್ಯಾಲ ಇದ್ರು, ಮೊನ್ನೀನೂ ಮ್ಯಾಲ ಇದ್ರು. ಕೆಳಗ ಯಾವಾಗ ಇಳಿತಾರಪಾ, ಉಣ್ಣಾಕರ ಬರ್ತಾರಿಲ್ಲೋ?" ಆಗ ನಾನು ನಿನ್ನ ಪತ್ರ ತೆಗೆದೆ. ಹೆಸರು ಹೇಳಲಿಲ್ಲ, ಹೆದರಬೇಡ. "ಬೆಂಗಳೂರಿನ ಕಂಟ್ರೋಲ್ ರೂಮಿನವರೇ ಬರೆದದ್ದು ಕೇಳಿರಿ" ಎಂದು ಮೈಕಿನಲ್ಲಿ ಓದಿದೆ. "ಬಹಳ ಸಲ ಕಂಬದ ಮೇಲೆ ಯಾರೂ ಇರುವುದಿಲ್ಲ." ಇಷ್ಟೇ ಸಾಕಾಯಿತು. ಗೇಟು ತಾನಾಗಿಯೇ ತೆರೆದಂತೆ ತೆರೆಯಿತು.

ಒಳಗೆ ಹೋದರೆ ಏನಿದೆ ಗೊತ್ತೇ? ಒಂದು ಕಪಾಟು, ಅದಕ್ಕೆ ಒಂದು ಹ್ಯಾಂಡಲ್. ಮೂರು ಊರುಗಳ ಬೆಳಕು ಒಂದು ಗೇಣು ಹ್ಯಾಂಡಲಿನಲ್ಲಿ. ಅದನ್ನೂ ದ್ಯಾಮಪ್ಪ ಒಂದು ಹೊಲಸು ದಸ್ತಿಯಿಂದ ಕಟ್ಟಿಹಾಕಿದ್ದ, ಕರುವನ್ನು ಗೂಟಕ್ಕೆ ಕಟ್ಟಿದ ಹಾಗೆ. ಜನರ ಕರೆಂಟನ್ನು ಚಿಂದಿಯಲ್ಲಿ ಕಟ್ಟಿಡುವ ಸರ್ಕಾರ. ಆ ಗಂಟನ್ನು ನಾನೇ ಬಿಚ್ಚಿ ನೆಲಕ್ಕೆ ಒಗೆದೆ. ದ್ಯಾಮಪ್ಪ ನನ್ನ ಮುಖ ನೋಡಿ ಏನೋ ಕೂಗುತ್ತಿದ್ದ, ಯಾರದೋ ಹೆಸರು ಹೇಳುತ್ತಿದ್ದ ಹಾಗಿತ್ತು. ಘೋಷಣೆಯಲ್ಲಿ ಕೇಳಲಿಲ್ಲ. ಅವನ ಕೈಯನ್ನು ಹ್ಯಾಂಡಲಿನ ಮೇಲಿಟ್ಟು, ಅದರ ಮೇಲೆ ನನ್ನ ಕೈಯಿಟ್ಟು ತಿರುಗಿಸಿದೆ.

ಬಂತು, ಬಂತು ಎಂದು ಹೊರಗೆ ಕೂಗಿದರು. ಹೆಂಗಸರು ಡಬ್ಬಿ ಬಾರಿಸಿದರು. ಆದರೆ ನೋಡು ಇವರ ಆಟ, ಕೊಟ್ಟ ಕರೆಂಟು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮತ್ತೆ ಹೋಯಿತು. ಕಪಾಟು ತಾನೇ ಠಕ್ ಎಂದಿತು. ದ್ಯಾಮಪ್ಪ ತಲೆಯ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತಿದ್ದಾನೆ, ಮುಖ ಬಿಳಿಚಿದೆ. ಹೆದರಲಿ. ಒಂದು ದಿನವಾದರೂ ಅವರು ಹೆದರಲಿ.

ಗದಗಿನ ಬಸ್ಸು ಬರುತ್ತಿದೆ. ಕಂಡಕ್ಟರನ ಕೈಯಲ್ಲಿ ಕೊಡುತ್ತೇನೆ, ಗದಗಿನಲ್ಲಿ ಅಂಚೆ ಡಬ್ಬಿಗೆ ಹಾಕಲಿ. ನಿನಗೆ ಮೊದಲು ಗೊತ್ತಾಗಬೇಕು.

ನಿನ್ನ ನಿಶಾತ


ಬೆಂಗಳೂರು
30 ಮಾರ್ಚ್ 2012

ನಿಶಾತ,

ಮೊನ್ನೆ ಗದಗಿನಿಂದ ಅಮ್ಮ ಫೋನ್ ಮಾಡಿ ಇಜಾಜಣ್ಣನಿಗೆ ಕಂಬದ ಮೇಲೆ ಕರೆಂಟು ಹೊಡೆದ ಸುದ್ದಿ ಹೇಳಿದಳು. ನಿನ್ನ ಪತ್ರ ಇಂದು ಬಂತು. ನಿನ್ನ ಫೋನು ಬಂದ್ ಇದೆ. ಮನೆಗೆ ಮಾಡಿದರೆ ಯಾರೂ ಎತ್ತುವುದಿಲ್ಲ.

ಅವನು ಬದುಕಿದ್ದಾನೆ ಎಂದಷ್ಟೇ ಅಮ್ಮನಿಗೆ ಗೊತ್ತು. ಹೇಗಿದ್ದಾನೆ? ಪ್ರಜ್ಞೆ ಇದೆಯೇ? ಯಾರು ಜೊತೆಗಿದ್ದಾರೆ? ರಸೂಲಬಿ ಅಮ್ಮಿ ಊಟ ಮಾಡುತ್ತಿದ್ದಾರೆಯೇ? ಒಂದು ಸಾಲು ಬರೆ, ಸಾಕು.

ನನ್ನ ಹಿಂದಿನ ಪತ್ರ ನಿನ್ನ ಹತ್ತಿರ ಇದ್ದರೆ ಹರಿದುಹಾಕು. ಇಂದು ಬಂದ ನಿನ್ನ ಪತ್ರದ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ಜಾಹ್ನವಿ


ಹುಬ್ಬಳ್ಳಿ, ದೊಡ್ಡಾಸ್ಪತ್ರೆ
14 ಏಪ್ರಿಲ್ 2012

ಜಾಹ್ನವಿ,

ಬಲಗೈ ಮೊಣಕೈಯ ಮೇಲಿನಿಂದ ಇಲ್ಲ. ಎಡಗೈ ಮಣಿಕಟ್ಟಿನಿಂದ ಇಲ್ಲ. ಪ್ರಜ್ಞೆ ಇದೆ. ಅಮ್ಮಿ ಊಟ ಮಾಡುತ್ತಿಲ್ಲ. ನಿನ್ನ ಪ್ರಶ್ನೆಗಳಿಗೆ ಉತ್ತರ ಆಯಿತು.

ಇನ್ನು ನಿನ್ನ ಕೊನೆಯ ಮಾತು. ನಿನ್ನ ಪತ್ರ ಹರಿದುಹಾಕಬೇಕೇ? ಇಜಾಜ ಭಾಯಿಯ ಕೈ ಹೋದ ವಾರದಲ್ಲಿ ನಿನಗೆ ನಿನ್ನ ನೌಕರಿಯ ಚಿಂತೆ ಬಂತೇ? ಹರಿದುಹಾಕಿಲ್ಲ. ಹಾಕುವುದೂ ಇಲ್ಲ.

ನನ್ನ ಕೈಯಿಂದ ಏನಾಯಿತು ಎಂದು ನನಗೆ ಗೊತ್ತು. ಬೇರೆ ಯಾರೂ ಹೇಳಬೇಕಾಗಿಲ್ಲ. ಆದರೆ ನೀನು ಹೇಳು, ದಿನಾ ಸುಳ್ಳು ಹೇಳುವವನು ಒಂದು ದಿನ ಖರೆ ಹೇಳಿದರೆ ಜನ ಹೇಗೆ ಗುರುತಿಸಬೇಕು? ಅಲ್ಲಿ ಒಂದು ಬೋರ್ಡು ಇರಲಿಲ್ಲ. ಒಂದು ಬೀಗ ಇರಲಿಲ್ಲ. ಮೇಲೆ ಮನುಷ್ಯ ಇದ್ದಾನೆ ಎನ್ನುವುದಕ್ಕೆ ಒಂದು ಗುರುತು ಇರಲಿಲ್ಲ. ಗುರುತಿದ್ದರೆ ನಾನು ಕೈ ಹಚ್ಚುತ್ತಿದ್ದೆನೇ? ಈ ಒಂದು ಮಾತನ್ನು ಹಿಡಿದುಕೊಂಡು ನಾನು ಇಲ್ಲಿ ವಾರ್ಡಿನ ಹೊರಗೆ ಕೂತಿದ್ದೇನೆ. ಗುರುತು ಹಾಕದ ದ್ಯಾಮಪ್ಪನ ಮೇಲೆ ತಕರಾರು ಕೊಟ್ಟಿದ್ದೇನೆ. ಅವನ ಹಿಂದಿರುವವರ ಮೇಲೂ ಕೊಡುತ್ತೇನೆ.

ಅಂದು ಬೆಳಿಗ್ಗೆ ಕರೆಂಟು ಯಾಕೆ ಹೋಗಿತ್ತು? ಎಷ್ಟಕ್ಕೆ ಮಾರಿದಿರಿ? ಅದನ್ನಾದರೂ ಬರೆ.

ನಿಶಾತ


ಬೆಂಗಳೂರು
23 ಏಪ್ರಿಲ್ 2012

ನಿಶಾತ,

ಕೋಪ ಮಾಡಿಕೋ. ನಾನು ಉತ್ತರ ಕೊಡುವುದಿಲ್ಲ.

ಆ ಬೆಳಗಿನ ಬಗ್ಗೆ ಕೇಳಬೇಡ. ದ್ಯಾಮಪ್ಪನ ಮೇಲಿನ ತಕರಾರನ್ನು, ಆಗುವುದಾದರೆ, ವಾಪಸ್ ತೆಗೆದುಕೋ. ಯಾಕೆ ಎಂದು ಕೇಳಬೇಡ. ಇಜಾಜಣ್ಣನ ಜೊತೆ ಹೆಚ್ಚು ಹೊತ್ತು ಕೂತಿರು.

ಜಾಹ್ನವಿ


ಹೊಂಬಳ
17 ಮೇ 2012

ಸನ್ಮಾನ್ಯ ಇಂಜಿನಿಯರ್ ಅವರಿಗೆ,

ಕೇಳಬೇಡ, ಕೇಳಬೇಡ ಎನ್ನುವ ನಿಮ್ಮ ಪತ್ರ ತಲುಪಿತು. ಅಂದಿನ ಆದೇಶ ನಿಮ್ಮದೇ ಎಂದು ಅದರಿಂದ ತಿಳಿದುಕೊಂಡೆ. ಆಪರೇಟರನನ್ನು ಉಳಿಸಿದರೆ ಆದೇಶ ಕೊಟ್ಟವರೂ ಉಳಿಯುತ್ತಾರೆ, ಲೆಕ್ಕ ಸರಿಯಾಗಿದೆ.

ತಕರಾರು ವಾಪಸ್ ತೆಗೆದುಕೊಂಡಿಲ್ಲ. ದ್ಯಾಮಪ್ಪ ಅಮಾನತಾಗಿದ್ದಾನೆ. ತನಿಖೆಯವರ ಎದುರು ಅವನೇ ಒಪ್ಪಿಕೊಂಡಿದ್ದಾನಂತೆ: "ಗುರುತು ಹಾಕೂದು ಮರತಿದ್ನಿರಿ. ಮಂದಿ ಗದ್ದಲದಾಗ ಕೈ ತಪ್ಪಿ ನಾನ ತಿರುವಿದ್ನಿ." ನನ್ನ ಹೆಸರನ್ನು ಅವನು ಹೇಳಲಿಲ್ಲ. ಜನರ ಭಯ ಇರಬೇಕು. ಮುಂದಿನ ತಿಂಗಳ ಕೊನೆಗೆ ದೊಡ್ಡ ವಿಚಾರಣೆ, ಅಲ್ಲಿ ಅವನ ನೌಕರಿ ಹೋಗುತ್ತದೆ, ಆಮೇಲೆ ಪೊಲೀಸ್ ಕೇಸು.

ಎರಡನೆಯ ಕರಪತ್ರ ಅಚ್ಚಾಗಿದೆ. "ಕರೆಂಟಿನ ಪೇಟೆ ತಿಂದ ಕೈಗಳು." ಲಕ್ಷ್ಮೇಶ್ವರ, ಶಿಗ್ಲಿಯವರೆಗೆ ಹೋಗಿದೆ. ಶಿಗ್ಲಿಯಲ್ಲಿ ನನ್ನನ್ನು ವೇದಿಕೆ ಹತ್ತಿಸಿ ಮಾತನಾಡಿಸಿದರು. ಒಂದು ಗುರುತು ಕೂಡ ಇರಲಿಲ್ಲ ಎಂದಾಗ ಜನರ ಕಣ್ಣಲ್ಲಿ ನೀರು ಬಂತು.

ಭಾಯಿ ಮಾತ್ರ ಅದನ್ನು ಓದಗೊಡುವುದಿಲ್ಲ. ಎದುರು ಹಿಡಿದು ಓದಲು ಹೋದರೆ ಗೋಡೆಯ ಕಡೆ ತಿರುಗುತ್ತಾನೆ. ಅವನಿಗೆ ದಿನಾ ನಾನೇ ಉಣಿಸುತ್ತೇನೆ, ಗಡ್ಡ ಹೆರೆಯುತ್ತೇನೆ, ಮೂಗು ತುರಿಸಿದರೆ ನಾನೇ ತುರಿಸುತ್ತೇನೆ. ಬಸವಣ್ಣೆವ್ವ ಒಮ್ಮೆ ಮನೆಗೆ ಬಂದಿದ್ದಳು. ನಾನು ಬಾಗಿಲಲ್ಲೇ ತಡೆದೆ. "ನಿನ್ನ ಸಲುವಾಗಿ ಬಂದಿಲ್ಲವಾ, ಅಂವನ್ನ ನೋಡಿ ಹೋಗ್ತೀನಿ" ಅಂದಳು. ಒಳಗಿನಿಂದ ಭಾಯಿ ಕೂಗಿದ, "ಬಿಡ ನಿಶಾತ, ಒಳಗ ಬಿಡ." ಅವಳು ಅವನ ತಲೆ ಸವರಿ, ನನ್ನನ್ನು ಒಮ್ಮೆಯೂ ನೋಡದೆ ಹೋದಳು. ತಪ್ಪು ಮಾಡಿದವರ ಹೆಂಡತಿಗೆ ಎಷ್ಟು ಸೆಡವು.

ಇನ್ನು ಮುಂದೆ ಬರೆಯುವುದಿಲ್ಲ. ನೀವೂ ಬರೆಯಬೇಡಿ.

ನಿಶಾತ, ಕುತುಬುದ್ದೀನರ ಮಗಳು


ಬೆಂಗಳೂರು
3 ಜೂನ್ 2012

ನಿಶಾತ,

ಬರೆಯಬೇಡ ಎಂದಿದ್ದೀ. ಇದೊಂದು ಬರೆಯುತ್ತೇನೆ. ನಿನಗೆ ಇದನ್ನು ಹೇಳಬಾರದು ಎಂದು ನಿರ್ಧಾರ ಮಾಡಿದ್ದೆ. ದ್ಯಾಮಪ್ಪನ ಮೇಲೆ ಕೇಸಾಗುತ್ತದೆ ಎಂದು ನೀನು ಬರೆಯದಿದ್ದರೆ ಹೇಳುತ್ತಲೂ ಇರಲಿಲ್ಲ.

ಮೊದಲು ಆ ಬೆಳಿಗ್ಗೆ. ನಾನೇ ಪಾಳಿಯಲ್ಲಿದ್ದೆ. ಅಂಕಿ ಐವತ್ತರ ಮೇಲಿತ್ತು. ಪೇಟೆಯಲ್ಲಿ ದರವೂ ಇಳಿದಿತ್ತು, ಬೇಕಾದಷ್ಟು ಕೊಂಡಿದ್ದೆವು. ಉತ್ತರಕ್ಕೆ ನಾನು ಯಾವ ಕಡಿತವನ್ನೂ ಹೇಳಿರಲಿಲ್ಲ. ಆ ವಾರದಲ್ಲಿ ಅಂಥದು ಅದೊಂದೇ ಬೆಳಿಗ್ಗೆ. ನಿಮ್ಮ ಲೈನು ಬಂದ್ ಆಗಿದ್ದು ಕಂಬದ ಮೇಲೆ ತಂತಿ ಬಿಗಿಯುತ್ತಿದ್ದ ಕಾರಣಕ್ಕೆ, ನಿಮ್ಮೂರಿನ ಕೆಲಸಕ್ಕೆ. ಬೇರೆ ಯಾವ ದಿನ ನೀವು ಹೋಗಿದ್ದರೂ ನಿನ್ನ ಮಾತು ಖರೆಯಾಗುತ್ತಿತ್ತು.

ಇನ್ನು ಗುರುತು. ನಮ್ಮ ಕಡೆಯ ಸಬ್‌ಸ್ಟೇಷನ್ನುಗಳಲ್ಲಿ ಬೋರ್ಡು, ಬೀಗ ಬೇಕೆಂದು ಬರೆದು ಕಳಿಸಿ ಕಾಯುತ್ತಾ ಕೂರುತ್ತಾರೆ. ಅವು ಬರುವುದಿಲ್ಲ. ಫೋನಿನ ಮಾತನ್ನು ನಂಬುವಂತಿಲ್ಲ, ಒಂದು ಲೈನು ಎಂದರೆ ಇನ್ನೊಂದು ಕೇಳಿಸುತ್ತದೆ. ಅದಕ್ಕೆ ಲೈನ್‌ಮನ್ನುಗಳು ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದಾರೆ. ಕಂಬ ಹತ್ತುವವನು ತನ್ನ ದಸ್ತಿಯನ್ನು ಆಪರೇಟರನ ಕೈಗೆ ಕೊಡುತ್ತಾನೆ. ಆಪರೇಟರ್ ಅದನ್ನು ಆ ಲೈನಿನ ಹ್ಯಾಂಡಲಿಗೆ ಕಟ್ಟುತ್ತಾನೆ. ಅದು ಅಲ್ಲಿರುವವರೆಗೆ ದೊಡ್ಡ ಸಾಹೇಬರು ಬಂದು ಹೇಳಿದರೂ ಯಾರೂ ಆ ಹ್ಯಾಂಡಲ್ ಮುಟ್ಟುವುದಿಲ್ಲ. ಇಳಿದವನು ತಾನೇ ನಡೆದು ಬಂದು, ತನ್ನ ಕೈಯಾರೆ ಬಿಚ್ಚಿಕೊಳ್ಳಬೇಕು. ಬೇರೆಯವರ ಕೈಗೆ ಕೊಡುವುದಿಲ್ಲ. "ಒತ್ತಿ ಇಡುವುದು", ಅಂದರೆ ಅಡವು ಇಡುವುದು, ಎಂದು ಅವರು ಅನ್ನುವುದು ಇದಕ್ಕೆ. ನಿನ್ನ ಮೊದಲ ಪತ್ರದಲ್ಲಿ ಇಜಾಜಣ್ಣನ ಆ ಮಾತು ಓದಿ ನಾನು ನಕ್ಕಿದ್ದೆ. ಅದರ ಅರ್ಥ ನಿನಗೆ ಬರೆಯಬೇಕೆಂದು ಅನ್ನಿಸಲಿಲ್ಲ. ಗೇಟಿನ ಹೊರಗೇ ಇರಿ ಎಂದು ಬರೆದ ದಿನವೂ ಯಾಕೆ ಎಂದು ಬರೆಯಲಿಲ್ಲ, ಪಾಳಿಯ ಹೊತ್ತಾಗಿತ್ತು.

ದ್ಯಾಮಪ್ಪ ಗುರುತು ಹಾಕಲು ಮರೆತಿರಲಿಲ್ಲ.

ನಾನು ಇನ್ನೂ ಇಲ್ಲೇ ಕೆಲಸ ಮಾಡುತ್ತಿದ್ದೇನೆ. ಇಂದು ಬೆಳಿಗ್ಗೆಯೂ ಉತ್ತರಕ್ಕೆ ಇನ್ನೂರು ಎಂದು ಹೇಳಿ ಬಂದು ಇದನ್ನು ಬರೆದೆ.

ಜಾನು


ಗದಗ, ಬಸ್ ನಿಲ್ದಾಣ
29 ಜೂನ್ 2012

ಜಾನು,

ನಿನ್ನ ಪತ್ರ ಬಂದ ದಿನ ಭಾಯಿಗೆ ರೊಟ್ಟಿ ಮುರಿದು ಕೊಡುತ್ತಿದ್ದೆ. ಓದಿ ಮುಗಿಸಿ ಕೇಳಿದೆ, ನಿನಗೆ ಗೊತ್ತಿತ್ತೇ ಎಂದು. ಅವನು ಬಾಯಲ್ಲಿದ್ದ ತುತ್ತು ನುಂಗಿದ.

"ಮೈಕಿನ್ಯಾಗ ನಿನ್ನ ದನಿ ಕೇಳ್ತಿತ್ತು" ಅಂದ. "ಕಂಬದ ಮ್ಯಾಲ ಒಬ್ನ ನಗತಿದ್ದೆ. ನಮ್ಮ ನಿಶಾತ ಏನ್ ಒದರ್ತಾಳಲೇ ಅಂತ. ಆಮ್ಯಾಲೆ ದನಿ ನಿಂತತು. ಚಾ ಕುಡ್ಯಾಕ ಹೋಗಿರಬೇಕ ಅನ್ಕೊಂಡೆ."

ದ್ಯಾಮಪ್ಪ ಆಸ್ಪತ್ರೆಗೆ ಬಂದು ಅವನ ಕಾಲ ಬಳಿ ಕೂತು ಎಲ್ಲ ಹೇಳಿದ್ದನಂತೆ. ಇಬ್ಬರೂ ಕೂಡಿ ತೀರ್ಮಾನ ಮಾಡಿದ್ದು, ನನಗೆ ಹೇಳಬಾರದು ಎಂದು. ಇಡೀ ಜಿಲ್ಲೆಗೆ ಖರೆ ಹೇಳುತ್ತಾ ತಿರುಗಿದವಳಿಗೆ ಖರೆ ತಡೆದುಕೊಳ್ಳುವ ಶಕ್ತಿ ಇಲ್ಲ ಎಂದು ಅವರಿಬ್ಬರಿಗೆ ಗೊತ್ತಿತ್ತು.

ವಿಚಾರಣೆಯಲ್ಲಿ ಹೇಳುತ್ತೇನೆ ಎಂದೆ. ಅವನು ಬೇಡ ಅಂದ. "ನಿನ್ನ ಕೈಗೆ ಬೇಡಿ ಬಿದ್ರ ನನಗ ಉಣ್ಣಸವ್ರು ಯಾರು? ಅಮ್ಮಿ ಕೈ ನಡಗತಾವ." ಹೇಳಿಯೇ ಹೇಳುತ್ತೇನೆ ಎಂದೆ. ಅಂದಿನಿಂದ ಅವನು ನನ್ನ ಕೈತುತ್ತು ತೆಗೆದುಕೊಂಡಿಲ್ಲ. ಅಮ್ಮಿಯೇ ಉಣಿಸುತ್ತಾಳೆ, ಸಾರು ಅವನ ಎದೆಯ ಮೇಲೆ ಚೆಲ್ಲುತ್ತದೆ.

ಇಂದು ವಿಚಾರಣೆ ಆಯಿತು. ಮೂವರು ಅಧಿಕಾರಿಗಳು, ಉದ್ದ ಮೇಜು. ದ್ಯಾಮಪ್ಪ ಒಂದು ಕಡೆ, ಭಾಯಿ ಒಂದು ಕಡೆ, ಶಾಲಿನಲ್ಲಿ ತೋಳು ಮುಚ್ಚಿಕೊಂಡು. ನಾನು ಎದ್ದು ನಿಂತು ಹೇಳಿದೆ: ಗುರುತು ಇತ್ತು, ಬಿಚ್ಚಿದ್ದು ನಾನು, ಹ್ಯಾಂಡಲ್ ಮೇಲಿನ ಕೈಯೂ ನನ್ನದು. ದಿನಾ ಸುಳ್ಳು ಹೇಳಲು ಕಲಿಸಿದವರ ಹೆಸರನ್ನೂ ಬರೆದುಕೊಳ್ಳಿ ಎಂದೆ. ಅದನ್ನು ಬರೆದುಕೊಳ್ಳಲಿಲ್ಲ. ಮೊದಲಿನದನ್ನು ಬರೆದುಕೊಂಡರು. ನಿನ್ನ ಪತ್ರವನ್ನು ನಾನು ತೆಗೆಯಲಿಲ್ಲ.

ದ್ಯಾಮಪ್ಪನನ್ನು ಕೇಳಿದರು, ಹಾಗಾದರೆ ಆ ಗುರುತು ಎಲ್ಲಿ ಎಂದು. ಅವನು ಜೇಬಿನಿಂದ ದಸ್ತಿ ತೆಗೆದು ಮೇಜಿನ ಮೇಲಿಟ್ಟ. ನೆಲದಿಂದ ಎತ್ತಿಟ್ಟುಕೊಂಡು, ಒಗೆಯದೆ, ಮೂರು ತಿಂಗಳು ಜೇಬಿನಲ್ಲೇ ಇಟ್ಟುಕೊಂಡಿದ್ದ. ಅಂಚಿನಲ್ಲಿ ಅಮ್ಮಿಯ ಹೊಲಿಗೆ ಇತ್ತು ಜಾನು. ಅಂದು ನಾನು ಗಂಟನ್ನಷ್ಟೇ ನೋಡಿದ್ದೆ.

"ಯಾರದಿದು?" ಎಂದು ದೊಡ್ಡ ಅಧಿಕಾರಿ ಕೇಳಿದರು.

"ನಂದರಿ" ಅಂದ ಭಾಯಿ.

ವಿಚಾರಣೆ ಮುಗಿಯಿತು, ದ್ಯಾಮಪ್ಪನ ಮೇಲಿನ ಆಪಾದನೆ ಬಿಡುವ ಹಾಗೆ ಬರೆಯುತ್ತೇವೆ ಎಂದರು. ನನ್ನ ಮೇಲೆ ದೂರು ಹೋಗುತ್ತದೆ, ಸೋಮವಾರ ಠಾಣೆಗೆ ಬರಬೇಕು ಎಂದರು. ಕಾಗದ ಜೋಡಿಸಿಕೊಳ್ಳುತ್ತಾ ಅಧಿಕಾರಿ ದಸ್ತಿಯನ್ನು ಬೆರಳಿನಿಂದ ಈ ಕಡೆ ಸರಿಸಿದರು: "ತಗೊಂಡು ಹೋಗ್ರಿ."

ಯಾರೂ ಏಳಲಿಲ್ಲ. ಭಾಯಿಯ ಶಾಲು ಸ್ವಲ್ಪ ಅಲುಗಿತು. ನಾನು ಕೈ ಚಾಚಿದೆ. ದ್ಯಾಮಪ್ಪ ಅಡ್ಡ ಬಂದ. ಸಿಟ್ಟು ಇರಲಿಲ್ಲ ಅವನ ದನಿಯಲ್ಲಿ.

"ಬ್ಯಾರೆದವ್ರ ಕೈಯಾಗ ಕೊಡಂಗಿಲ್ಲ ಯವ್ವಾ. ಅಂವನ ಬಂದ ತಗೋಬೇಕು."

ನಾವು ಹೊರಗೆ ಬಂದೆವು. ಇಲ್ಲಿ ಗಾಳಿ ಬಹಳ ಬೀಸುತ್ತಿದೆ, ಗುಡ್ಡದ ಮೇಲೆ ಎಲ್ಲ ಯಂತ್ರಗಳೂ ತಿರುಗುತ್ತಿರಬೇಕು. ನಿಲ್ದಾಣದಲ್ಲಿ ಕರೆಂಟಿಲ್ಲ. ಹೊಂಬಳದ ಬಸ್ಸಿಗೆ ಕಾಯುತ್ತಿದ್ದೇವೆ. ಭಾಯಿ ಬೆಂಚಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ದಸ್ತಿ ಮೇಜಿನ ಮೇಲೆಯೇ ಇದೆ.

ನಿಶಾತ